ಗಣಿ ಡಂಪಿನ ಹಸಿರು ನಿಜವೇ? ಚಿತ್ರದುರ್ಗದ ಕಬ್ಬಿಣ, ಮ್ಯಾಂಗನೀಸ್ ಗಣಿಗಳಲ್ಲಿ ಸಸ್ಯಗಳ ಮರುಹುಟ್ಟು ಅಳೆಯುವ ಸಮಗ್ರ ಮಾರ್ಗದರ್ಶಿ

ಸ್ವಾತಿ ಮಳೆ ಮುಗಿದ ವಾರದಲ್ಲಿ ಹೊಳಲ್ಕೆರೆ, ಹೊಸದುರ್ಗ ಕಡೆಯ ಯಾವ ಗಣಿ ಡಂಪ್ (ಅದಿರು ತೆಗೆದು ಉಳಿದ ಕಲ್ಲು–ಮಣ್ಣು ಸುರಿದ ರಾಶಿ) ನೋಡಿದರೂ ಹಸಿರಾಗಿಯೇ ಕಾಣುತ್ತದೆ. ಅದೇ ಡಂಪನ್ನು ಏಪ್ರಿಲ್ ಕೊನೆಯಲ್ಲಿ ನೋಡಿ. ಹುಲ್ಲು ಮಾಯವಾಗಿ ಕೆಂಪು ಜಲ್ಲಿ ಎದ್ದಿರುತ್ತದೆ, ಟ್ಯಾಂಕರ್ ನೀರು ಕುಡಿದ ಸಸಿಗಳು ಮಾತ್ರ ಸಾಲಾಗಿ ನಿಂತಿರುತ್ತವೆ. ವರದಿಗೆ ಹೋಗುವುದು ಮಾತ್ರ ನವೆಂಬರಿನ ಫೋಟೊ.

ಸಸ್ಯಗಳು ಮರಳಿ ಬಂದಿವೆಯೇ ಎಂದು ತಿಳಿಯಲು ನೆಟ್ಟ ಸಸಿಗಳಲ್ಲಿ ಎಷ್ಟು ಬದುಕಿವೆ ಎಂದು ಎಣಿಸಿದರೆ ಸಾಲದು. ಯಾರೂ ನೆಡದೆ ತಾವಾಗಿ ಹುಟ್ಟಿ ಒಂದು ಬೇಸಿಗೆ ದಾಟಿದ ಗಿಡಗಳೆಷ್ಟು, ಬರಿ ನೆಲ ವರ್ಷದಿಂದ ವರ್ಷಕ್ಕೆ ಎಷ್ಟು ಕಡಿಮೆಯಾಗುತ್ತಿದೆ ಎಂಬುದೇ ಮುಖ್ಯ ಲೆಕ್ಕ. ಈ ಮಾರ್ಗದರ್ಶಿಯ ಎಲ್ಲ ಹಂತಗಳೂ ಆ ಎರಡು ಅಂಕಿಗಳನ್ನು ಮೋಸವಿಲ್ಲದೆ ಪಡೆಯುವುದಕ್ಕೇ ಇವೆ.

ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಕಬ್ಬಿಣದ ಅದಿರು ಗಣಿಗಾರಿಕೆಯನ್ನು ಸುಪ್ರೀಂ ಕೋರ್ಟ್ 2011ರ ಆಗಸ್ಟ್ 26ರಂದು ನಿಲ್ಲಿಸಿತು. 2013ರ ಏಪ್ರಿಲ್ 18ರ ತೀರ್ಪಿನ ನಂತರ ಗಣಿ ತೆರೆಯಬೇಕಾದರೆ ಪುನಶ್ಚೇತನ ಯೋಜನೆ, ಅಂದರೆ ಗಣಿಯವರ ಬಾಯಲ್ಲಿ 'ಆರ್ ಅಂಡ್ ಆರ್', ಪಾಲಿಸಲೇಬೇಕಾಯಿತು. ಡಂಪಿಗೆ ಮೆಟ್ಟಿಲಿನಂತೆ ಬೆಂಚ್ ಕಡಿಯುವುದು, ಬುಡಕ್ಕೆ ತಡೆಗೋಡೆ, ಸುತ್ತ ಮಳೆನೀರು ಹಿಡಿಯುವ ಗಾರ್ಲ್ಯಾಂಡ್ ಡ್ರೈನ್ (ಸುತ್ತುಗಾಲುವೆ), ಇಳಿಜಾರಿಗೆ ತೆಂಗಿನ ನಾರಿನ ಬಲೆ, ಸಸಿ ನೆಡುವುದು ಎಲ್ಲವೂ ಅದರಲ್ಲಿ ಬರುತ್ತವೆ. ಕೆಲಸ ಮಾಡಿಸಿದ್ದಕ್ಕೆ ಬಿಲ್ಲು ಸಾಕ್ಷಿ. ಕೆಲಸ ಫಲ ಕೊಟ್ಟಿದೆಯೇ ಎಂಬುದಕ್ಕೆ ಅಳತೆಯೇ ಬೇಕು.

ಕಲ್ಲಿದ್ದಲಿನ ಕೈಪಿಡಿ ಇಲ್ಲಿ ಎಷ್ಟು ನಡೆಯುತ್ತದೆ?

ನಮ್ಮ ದೇಶದಲ್ಲಿ ಗಣಿ ನೆಲದ ಹಸಿರೀಕರಣದ ಬಗ್ಗೆ ಬರೆದಿರುವುದರಲ್ಲಿ ಹೆಚ್ಚಿನದು ಝರಿಯಾ, ಸಿಂಗ್ರೌಲಿ, ಸಿಂಗರೇಣಿಯಂಥ ಕಲ್ಲಿದ್ದಲು ಪ್ರದೇಶಗಳದ್ದು. ಅಳೆಯುವ ವಿಧಾನ ಅಲ್ಲಿಂದ ತರಬಹುದು, ರೋಗನಿರ್ಣಯ ತರಬಾರದು. ಕಲ್ಲಿದ್ದಲಿನ ಮೇಲಿಂದ ಕಿತ್ತು ಸುರಿದ ಕಲ್ಲು–ಮಣ್ಣಿನ ರಾಶಿಯಲ್ಲಿ ಗಂಧಕ ಇರುವ ಪೈರೈಟ್ ಖನಿಜ ಇದ್ದರೆ ಗಾಳಿ, ನೀರು ತಾಕಿ ಆಮ್ಲ ಹುಟ್ಟುತ್ತದೆ. ಕಲ್ಲಿದ್ದಲಿನ ಪುಡಿ ಒಳಗೊಳಗೇ ಹೊತ್ತಿಕೊಳ್ಳುವುದೂ ಉಂಟು. ನಮ್ಮ ಕಬ್ಬಿಣದ ಡಂಪಿನಲ್ಲಿ ಹೆಚ್ಚಾಗಿ ಆಕ್ಸೈಡ್, ಆಮ್ಲದ ಕಾಟ ಕಡಿಮೆ. ಇಲ್ಲಿಯ ತೊಂದರೆ ಬೇರೆ: ಜಲ್ಲಿಯಲ್ಲಿ ನೀರು ನಿಲ್ಲುವುದಿಲ್ಲ, ಸಾರಜನಕ ಇಲ್ಲವೇ ಇಲ್ಲ ಎನ್ನಬಹುದು, ಇರುವ ರಂಜಕವನ್ನು ಕಬ್ಬಿಣದ ಆಕ್ಸೈಡ್ ಹಿಡಿದುಕೊಂಡು ಬೇರಿಗೆ ಬಿಡುವುದಿಲ್ಲ. ಚಿತ್ರದುರ್ಗದ ಬಳಿಯ ಇಂಗಳದಾಳಿನ ಹಳೆಯ ತಾಮ್ರದ ಗಣಿಯ ಸುತ್ತಲಿನ ನೆಲಕ್ಕೆ ಈ ಮಾತು ಒಪ್ಪುವುದಿಲ್ಲ. ಅದು ಗಂಧಕ ಬೆರೆತ ಸಲ್ಫೈಡ್ ಅದಿರು. ಅಂಥ ಕಡೆ ಸಸ್ಯ ಎಣಿಸುವ ಮೊದಲು ಪಿಎಚ್ (ಆಮ್ಲ–ಕ್ಷಾರದ ಅಳತೆ) ನೋಡಿ.

ಮೊದಲ ಹಂತ: ಡಂಪನ್ನು ಹೋಳು ಮಾಡಿ

ಇಡೀ ಡಂಪಿಗೆ ಒಂದೇ ಸರಾಸರಿ ತೆಗೆದರೆ ಏನೂ ತಿಳಿಯುವುದಿಲ್ಲ. ಮೇಲಿನ ಬಯಲು, ಬೆಂಚಿನ ಸಮತಟ್ಟು, ಇಳಿಜಾರು, ಬುಡ ಎಂದು ಕನಿಷ್ಠ ನಾಲ್ಕು ಭಾಗ ಮಾಡಿ. ಇಳಿಜಾರಿನಲ್ಲಿ ದಕ್ಷಿಣ–ಪಶ್ಚಿಮಕ್ಕೆ ಮುಖ ಮಾಡಿದ್ದನ್ನು ಬೇರೆಯಾಗಿ ಬರೆಯಿರಿ. ಮಧ್ಯಾಹ್ನದ ಬಿಸಿಲಿಗೆ ಒಡ್ಡಿದ ಆ ಮೈ ಒಣಗುವುದೇ ಬೇಗ. ಸಸಿ ನೆಟ್ಟ ವರ್ಷ, ಮೇಲ್ಮಣ್ಣು ಹರಡಿದ್ದಾರೋ ಇಲ್ಲವೋ, ಕೊನೆಯ ಬಾರಿ ನೀರು ಹಾಕಿದ ದಿನ, ನಾರಿನ ಬಲೆ ಹಾಸಿದ ದಿನ ಇವು ಪ್ರತಿ ಭಾಗದ ಹಾಳೆಯಲ್ಲೂ ಇರಬೇಕು. ನಾರಿನ ಬಲೆ ಎರಡು ಮೂರು ವರ್ಷದಲ್ಲಿ ಕೊಳೆಯುತ್ತದೆ. ಅಲ್ಲಿಯವರೆಗೆ ಇಳಿಜಾರನ್ನು ಹಿಡಿದಿರುವುದು ಬಲೆಯೋ ಬೇರೋ ಹೇಳಲಾಗದು. ನೀರಿನ ಕಥೆಯೂ ಅಷ್ಟೇ, ಟ್ಯಾಂಕರ್ ನಿಂತ ಮೇಲೆ ಬರುವ ಮೊದಲ ಬೇಸಿಗೆಯಲ್ಲೇ ಪರೀಕ್ಷೆ.

ಹೋಲಿಕೆಗೆ ಒಂದು ಗಣಿ ಮುಟ್ಟದ ಜಾಗ ಬೇಕೇ ಬೇಕು. ಅದೇ ಬಗೆಯ ಕಲ್ಲು, ಅಷ್ಟೇ ಇಳಿಜಾರು, ಅಷ್ಟೇ ಮಳೆ ಇರುವ, ಹತ್ತಿರದ ಕುರುಚಲು ಕಾಡಿನ ಗುಡ್ಡ ಆರಿಸಿ. ಅರಣ್ಯ ಇಲಾಖೆಯ ನೀಲಗಿರಿ ತೋಪು ಹೋಲಿಕೆಗೆ ಬರುವುದಿಲ್ಲ. ಜೋಗಿಮಟ್ಟಿ ಕಾಡಿನ ಒಳಗಿನ ದಟ್ಟ ಭಾಗವೂ ಬೇಡ. ಬರಡು ಗುಡ್ಡಕ್ಕೆ ಅಂಥ ಗುರಿ ಇಟ್ಟರೆ ಯಾವ ಡಂಪೂ ಎಂದಿಗೂ ಪಾಸಾಗದು. ಮೀಸಲು ಅರಣ್ಯವಾದರೆ ವಲಯ ಅರಣ್ಯಾಧಿಕಾರಿಯ ಅನುಮತಿ ಮೊದಲೇ ಬರಹದಲ್ಲಿ ಪಡೆಯಿರಿ.

ಎರಡನೆಯ ಹಂತ: ಎಷ್ಟು ಚೌಕ, ಎಲ್ಲಿ?

ಮೊದಲು ಪ್ರತಿ ಭಾಗದಲ್ಲೂ ಐದಾರು ಚೌಕ (ಗಿಡ ಎಣಿಸಲು ಗುರುತು ಮಾಡಿದ ತುಂಡು ನೆಲ, ಅದರ ಅಳತೆ ಮುಂದಿದೆ) ಅಳೆದು ಅಂಕಿಗಳ ಏರಿಳಿತ ನೋಡಿ. ಏರಿಳಿತ, ಅಂದರೆ ಸರಾಸರಿಯ ಶೇಕಡಾವಾರಿನಲ್ಲಿ ಪ್ರಮಾಣ ವಿಚಲನೆ (ಸ್ಟ್ಯಾಂಡರ್ಡ್ ಡೀವಿಯೇಶನ್), 40 ಇದ್ದು ನಿಮಗೆ ಶೇ. 20ರ ಒಳಗಿನ ನಿಖರತೆ ಸಾಕೆಂದರೆ 2×40÷20 = 4, ಅದರ ವರ್ಗ 16 ಚೌಕ. ಏರಿಳಿತ 60 ಇದ್ದರೆ 36 ಚೌಕ. ಇಳಿಜಾರಿನಲ್ಲಿ 60 ದಾಟುವುದು ಸಾಮಾನ್ಯ, ಅದಕ್ಕೇ ಡಂಪನ್ನು ಹೋಳು ಮಾಡಿದ್ದು.

ಜಾಗವನ್ನು ಕಣ್ಣಿನಿಂದ ಆರಿಸಬೇಡಿ, ಕಣ್ಣು ಹಸಿರಿನ ಕಡೆಗೇ ಹೋಗುತ್ತದೆ. ಕ್ಯೂಜಿಐಎಸ್ ಎಂಬ ನಕ್ಷೆಯ ತಂತ್ರಾಂಶದಲ್ಲಿ ಭಾಗದ ಗಡಿ ಬರೆದು ಯಾದೃಚ್ಛಿಕ ಬಿಂದುಗಳನ್ನು ಹಾಕಿಸಿ, ಬಿಂದು ಬಿದ್ದಲ್ಲಿಗೇ ಹೋಗಿ. ಬಿದ್ದದ್ದು ಬೋಳು ಜಲ್ಲಿಯ ಮೇಲಾದರೂ ಅದೇ ಚೌಕ. ಬೆಂಚಿನ ಅಂಚಿನಿಂದ 3 ಮೀಟರ್ ಒಳಗಿನ ಬಿಂದುಗಳನ್ನು ಮಾತ್ರ ಬಿಡಿ. ಸಡಿಲ ಅಂಚು ಕುಸಿಯುತ್ತದೆ, ಅಲ್ಲಿ ಅಂಕಿಗಿಂತ ಜೀವ ದೊಡ್ಡದು.

ಮರಕ್ಕೆ 10×10 ಮೀಟರ್, ಅದರ ಎರಡು ಎದುರು ಮೂಲೆಗಳಲ್ಲಿ ಪೊದೆಗೆ 5×5, ನಾಲ್ಕು ಮೂಲೆ ಮತ್ತು ನಡುವೆ ಹುಲ್ಲು–ಸಣ್ಣ ಗಿಡಗಳಿಗೆ 1×1 ಮೀಟರಿನ ಐದು ಚೌಕ. ಲಂಬಕೋನಕ್ಕೆ ಮೇಸ್ತ್ರಿಗಳ 3–4–5 ಹಗ್ಗ ಸಾಕು. ಸಮನೆಲದಲ್ಲಿ ಕರ್ಣ 14.14 ಮೀಟರ್ ಬರಬೇಕು, 20 ಸೆಂ.ಮೀ.ಗಿಂತ ಹೆಚ್ಚು ತಪ್ಪಿದರೆ ಗೂಟ ಕಿತ್ತು ಮತ್ತೆ ಹೊಡೆಯಿರಿ.

ಇಳಿಜಾರಿನಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ನೆಲದ ಮೇಲೆ ಟೇಪು ಹಾಸಿ 10 ಮೀಟರ್ ಅಳೆದರೆ ನಕ್ಷೆಯಲ್ಲಿ ಅದು 10 ಮೀಟರ್ ಆಗುವುದಿಲ್ಲ. ಏರುವ ದಿಕ್ಕಿನ ಬದಿಯನ್ನು 20 ಡಿಗ್ರಿಗೆ 10.64, 30 ಡಿಗ್ರಿಗೆ 11.55, ಸಡಿಲವಾಗಿ ಸುರಿದ ಡಂಪು ತಾನೇ ನಿಲ್ಲುವ 37 ಡಿಗ್ರಿಗೆ 12.52 ಮೀಟರ್ ಎಂದು ಉದ್ದ ಮಾಡಿ. ಅಡ್ಡ ಬದಿ 10 ಮೀಟರೇ ಇರಲಿ. 30 ಡಿಗ್ರಿಯಲ್ಲಿ ಕರ್ಣ 15.28 ಬರುತ್ತದೆ. ಈ ತಿದ್ದುಪಡಿ ಬಿಟ್ಟರೆ ಇಳಿಜಾರಿನ ಎಕರೆವಾರು ಗಿಡಗಳ ಲೆಕ್ಕ ಪ್ರತಿ ವರ್ಷವೂ ಒಂದೇ ಕಡೆಗೆ ವಾಲುತ್ತದೆ.

ಗುರುತು ಉಳಿಯಬೇಕು, ದಿಕ್ಸೂಚಿ ನಂಬಬೇಡಿ

ಮೂಲೆಗೆ ಕಬ್ಬಿಣದ ರಾಡು ಹುಗಿದರೆ ಮುಂದಿನ ವರ್ಷಕ್ಕೆ ಅದು ಗುಜರಿ ಅಂಗಡಿಯಲ್ಲಿ. 60 ಸೆಂ.ಮೀ. ಉದ್ದದ ಪಿವಿಸಿ ಪೈಪಿಗೆ ಸಿಮೆಂಟ್ ತುಂಬಿ, 45 ಸೆಂ.ಮೀ. ನೆಲದೊಳಗೆ ಇಳಿಸಿ, ಮೇಲಿನ ತುಂಡಿಗೆ ಬಿಳಿ ಬಣ್ಣ ಬಳಿಯಿರಿ. ಇಲ್ಲವೇ ಬಾಂದು ಕಲ್ಲು ನೆಡಿ, ಅದನ್ನು ಕೀಳುವ ಉಮೇದು ಯಾರಿಗೂ ಇರುವುದಿಲ್ಲ.

ಫೋನಿನ ಜಿಪಿಎಸ್ ಚೆನ್ನಾಗಿದ್ದಾಗಲೂ 3ರಿಂದ 5 ಮೀಟರ್ ತಪ್ಪುತ್ತದೆ. 1 ಮೀಟರಿನ ಚೌಕ ಹುಡುಕಲು ಅದು ಸಾಲದು. ಹಾಗೆಂದು ದಿಕ್ಸೂಚಿ ಹಿಡಿದರೆ ಇನ್ನೊಂದು ಪೇಚು: ಕಬ್ಬಿಣದ ಪಟ್ಟಿ ಕಲ್ಲಿನಲ್ಲಿ ಮ್ಯಾಗ್ನಟೈಟ್ ಇದ್ದರೆ ಮುಳ್ಳು ಅದರ ಕಡೆ ತಿರುಗುತ್ತದೆ. ಪರೀಕ್ಷಿಸುವುದು ಸುಲಭ. ಒಂದು ಗೂಟದಿಂದ ಇನ್ನೊಂದರ ದಿಕ್ಕು ಓದಿ, ಅಲ್ಲಿಗೆ ಹೋಗಿ ತಿರುಗಿ ಓದಿ. ಎರಡಕ್ಕೂ 180 ಡಿಗ್ರಿ ವ್ಯತ್ಯಾಸ ಬರಬೇಕು. ಮೊದಲನೆಯದು 64, ಎರಡನೆಯದು 231 ಬಂತೆಂದರೆ 13 ಡಿಗ್ರಿ ಕಲ್ಲಿನ ಪಾಲು, ಆ ಜಾಗದಲ್ಲಿ ದಿಕ್ಸೂಚಿಯನ್ನು ಜೇಬಿಗೆ ಹಾಕಿ. ಫೋನಿನ ದಿಕ್ಸೂಚಿಯೂ ಕಾಂತಕ್ಷೇತ್ರವನ್ನೇ ಓದುವುದರಿಂದ ಅದಕ್ಕೂ ಇದೇ ಗತಿ. ಬದಲಿಗೆ ಕದಲದ ಎರಡು ಬಂಡೆ ಆರಿಸಿ, ಬಣ್ಣದ ಚುಕ್ಕೆ ಇಟ್ಟು, ಪ್ರತಿಯೊಂದರಿಂದ ಮೂಲೆಗೆ ಟೇಪಿನ ಅಳತೆ ಬರೆದಿಡಿ. ಎರಡು ಅಳತೆ ಕೂಡುವ ಕಡೆ ಮೂಲೆ. ಬಂಡೆಗಳ ಯಾವ ಬದಿಗೆ ಎಂಬುದನ್ನೂ ಬರೆಯಿರಿ, ಎರಡು ವೃತ್ತ ಎರಡು ಕಡೆ ಕೂಡುತ್ತವಲ್ಲ.

ಮೂರನೆಯ ಹಂತ: ವರ್ಷಕ್ಕೆ ಎರಡು ಸಲ

ಜಿಲ್ಲೆಯ ಮಳೆ ಸೆಪ್ಟೆಂಬರ್–ಅಕ್ಟೋಬರಿನಲ್ಲೇ ಹೆಚ್ಚು. ಹಸ್ತ, ಚಿತ್ತಾ, ಸ್ವಾತಿ ಮುಗಿಸಿ, ನವೆಂಬರ್ ಎರಡನೆಯ ವಾರದಲ್ಲಿ ಮೊದಲ ಎಣಿಕೆ. ಆಗ ಹುಲ್ಲು ತೆನೆ ಬಿಟ್ಟಿರುತ್ತದೆ, ಜಾತಿ ಗುರುತಿಸಬಹುದು. ತೆನೆ ಇಲ್ಲದ ಹುಲ್ಲನ್ನು ಗುರುತಿಸುತ್ತೇನೆ ಎನ್ನುವವರನ್ನು ಅಷ್ಟು ಸುಲಭವಾಗಿ ನಂಬಬೇಡಿ. ಎರಡನೆಯ ಎಣಿಕೆ ಏಪ್ರಿಲ್ ಕೊನೆಗೆ, ದೊಡ್ಡ ಮಳೆ ಬೀಳುವ ಮೊದಲು. ಪ್ರತಿ ವರ್ಷವೂ ಅದೇ ಹದಿನೈದು ದಿನದೊಳಗೆ ಮುಗಿಯಬೇಕು.

ಹೊದಿಕೆ ಅಳೆಯಲು ಕಡ್ಡಿ ವಿಧಾನವೇ ಮೇಲು. 'ಸುಮಾರು ಶೇ. 40 ಹಸಿರು' ಎಂಬ ಅಂದಾಜು ಇಬ್ಬರ ಕಣ್ಣಿನಲ್ಲಿ ಎರಡು ಬರುತ್ತದೆ. 25 ಮೀಟರ್ ಟೇಪನ್ನು ಬಿಗಿಯಾಗಿ ಎಳೆದು, ಪ್ರತಿ 50 ಸೆಂ.ಮೀ.ಗೆ ಒಮ್ಮೆ 3 ಮಿ.ಮೀ. ದಪ್ಪದ ಮೊನಚು ತಂತಿಯನ್ನು ನೆಟ್ಟಗೆ ಇಳಿಸಿ. 50 ಬಿಂದು ಸಿಗುತ್ತವೆ. ತಂತಿ ದಪ್ಪವಾದಷ್ಟೂ ಎಲೆಗೆ ತಗಲುವುದು ಹೆಚ್ಚಿ ಹೊದಿಕೆ ಉಬ್ಬುತ್ತದೆ, ಆದ್ದರಿಂದ ಕೈಗೆ ಸಿಕ್ಕ ಕೋಲು ಬಳಸಬೇಡಿ. ತಂತಿ ಮೇಲಿನಿಂದ ಕೆಳಗೆ ಏನೇನು ಮುಟ್ಟಿತೋ ಎಲ್ಲ ಬರೆಯಿರಿ: 'ಬಿಂದು 23: ಮೇಲೆ ತಂಗಡಿ, ಕೆಳಗೆ ಬಾದೆ ಹುಲ್ಲು, ನೆಲ ಉದುರೆಲೆ.' 'ಬಿಂದು 24: ಏನಿಲ್ಲ, ನೆಲ ಜಲ್ಲಿ.' ಒಂದು ಭಾಗದಲ್ಲಿ ಮೂರು ಸಾಲು ಹಾಕಿದರೆ 150 ಬಿಂದು. ಅದರಲ್ಲಿ 57 ಬರಿ ಜಲ್ಲಿ ಎಂದರೆ ಬರಿ ನೆಲ ಶೇ. 38. ಗಾಳಿ ಜೋರಾಗಿದ್ದರೆ ಹುಲ್ಲು ತೂಗಾಡಿ ಲೆಕ್ಕ ಕೆಡುತ್ತದೆ, ಬೆಳಿಗ್ಗೆ ಮುಗಿಸಿ.

ಒಂದು ವರ್ಷದ ಹುಲ್ಲನ್ನೂ ಬಹುವರ್ಷದ ಹುಲ್ಲನ್ನೂ ಬೇರೆ ಬೇರೆ ಕೂಡಿಸಿ. ಬಾದೆ ಹುಲ್ಲಿನಂಥ ಬುಡ ಕಟ್ಟುವ ಹುಲ್ಲು ಏಪ್ರಿಲಿನಲ್ಲೂ ಮಣ್ಣು ಹಿಡಿದಿರುತ್ತದೆ. ಮಳೆಗೆ ಬಂದು ಡಿಸೆಂಬರಿಗೆ ಒಣಗುವ ಹುಲ್ಲು ಫೋಟೊದಲ್ಲಿ ಅದಕ್ಕಿಂತ ಚೆಂದ ಕಾಣಬಹುದು, ಮುಂದಿನ ಮೇ ತಿಂಗಳ ಅಡ್ಡಮಳೆಗೆ ಅದು ನೆಲವನ್ನು ಕಾಪಾಡುವುದಿಲ್ಲ.

ಬದುಕುಳಿದವರ ಲೆಕ್ಕದಲ್ಲಿರುವ ಮೋಸ

ಉದಾಹರಣೆಗೆ 400 ಸಸಿ ನೆಟ್ಟರು. ಮೊದಲ ವರ್ಷ 120 ಸತ್ತವು, ಆ ಗುಂಡಿಗಳಿಗೆ ಹೊಸ 120 ಸಸಿ ಹಾಕಿದರು. ಎರಡನೆಯ ವರ್ಷ ಎಣಿಸಿದರೆ 330 ಇವೆ. ವರದಿಯಲ್ಲಿ 'ಶೇ. 82.5 ಬದುಕಿವೆ' ಎಂದು ಬರುತ್ತದೆ. ಮೊದಲು ನೆಟ್ಟವುಗಳಲ್ಲಿ ಉಳಿದದ್ದು 230 ಎಂದರೆ ನಿಜವಾದ ಅಂಕಿ ಶೇ. 57.5. ಇಲ್ಲಿ ಯಾರೂ ಸುಳ್ಳು ಬರೆದಿರಬೇಕಿಲ್ಲ, ಗುಂಡಿ ಎಣಿಸಿದ್ದಾರೆ ಅಷ್ಟೇ. ಇದಕ್ಕೆ ಮದ್ದು ಎಂದರೆ ನೆಟ್ಟ ವರ್ಷಕ್ಕೊಂದು ಬಣ್ಣದ ಅಲ್ಯೂಮಿನಿಯಂ ಪಟ್ಟಿ, ಅದರ ಮೇಲೆ ಸಂಖ್ಯೆ ಒತ್ತಿ, ಬುಡದ ಪಕ್ಕ ತಂತಿಯಲ್ಲಿ ನೆಲಕ್ಕೆ ಸಿಕ್ಕಿಸುವುದು. ಕಾಂಡಕ್ಕೆ ಬಿಗಿದು ಕಟ್ಟಿದರೆ ಎರಡು ವರ್ಷದಲ್ಲಿ ತಂತಿ ತೊಗಟೆಗೆ ಕಚ್ಚಿ ಗಿಡವೇ ಹೋಗುತ್ತದೆ.

ಸಸಿಯ ಬುಡದ ದಪ್ಪವನ್ನು ನೆಲದಿಂದ 2 ಸೆಂ.ಮೀ. ಮೇಲೆ ವರ್ನಿಯರ್‌ನಲ್ಲಿ, ಮರವಾದ ಮೇಲೆ ಸುತ್ತಳತೆಯನ್ನು 1.37 ಮೀಟರ್ ಎತ್ತರದಲ್ಲಿ ಅಳೆಯಿರಿ. ಇಳಿಜಾರಿನಲ್ಲಿ ಮೇಲಿನ ಬದಿಯ ನೆಲದಿಂದ ಎತ್ತರ ಹಿಡಿಯುವುದು ರೂಢಿ. ಗ್ಲಿರಿಸಿಡಿಯಾ ಬುಡದಿಂದಲೇ ನಾಲ್ಕು ಕವಲು ಒಡೆದಿದ್ದರೆ ನಾಲ್ಕನ್ನೂ ಅಳೆದು, ಗಿಡ ಒಂದೇ ಎಂದು ಬರೆಯಿರಿ.

ತಾನಾಗಿ ಹುಟ್ಟಿದ್ದು

5×5 ಚೌಕದಲ್ಲಿ 1.37 ಮೀಟರಿಗಿಂತ ಗಿಡ್ಡದಾದ, ಪಟ್ಟಿ ಇಲ್ಲದ ಪ್ರತಿ ಮರ–ಪೊದೆ ಸಸಿಯನ್ನೂ ಜಾತಿವಾರು ಎಣಿಸಿ. ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ ನೋಡಿ: ಬೀಜದಿಂದ ಬಂದದ್ದಕ್ಕೆ ನೇರ ತಾಯಿಬೇರು, ಹಳೆಯ ಮೋಟಿನಿಂದ ಚಿಗುರಿದ್ದಕ್ಕೆ ಪಕ್ಕದಲ್ಲಿ ದಪ್ಪ ಗಂಟು. ಎರಡೂ ಒಳ್ಳೆಯದೇ, ಆದರೆ ಲೆಕ್ಕ ಬೇರೆ. ಬೀಜದ ಸಸಿ ಎಂದರೆ ಬೀಜ ಬಂದಿದೆ, ಮೊಳೆತಿದೆ, ಬೇರು ಇಳಿದಿದೆ ಎಂಬ ಮೂರಕ್ಕೂ ಒಂದೇ ಸಾಕ್ಷಿ.

ನವೆಂಬರಿನ ಸಸಿಗಳಲ್ಲಿ ಬಹುಪಾಲು ಏಪ್ರಿಲಿಗೆ ಇರುವುದಿಲ್ಲ. ಬೇಸಿಗೆ ದಾಟಿದ್ದನ್ನು ಮಾತ್ರ 'ನೆಲೆ ನಿಂತದ್ದು' ಎಂದು ಬರೆಯಿರಿ. ಯಾವುದು ಬಂದಿದೆ ಎಂಬುದೂ ಮಾತಾಡುತ್ತದೆ. ಬೇವಿನ ಸಸಿ ಬೇಲಿ ಕಂಬ, ಒಂಟಿ ಮರದ ಕೆಳಗೇ ಗುಂಪಾಗಿದ್ದರೆ ಅದು ಹಕ್ಕಿಗಳ ಕೆಲಸ. ಹಕ್ಕಿ ಕೂರಲು ಜಾಗ ಸಿಕ್ಕಿದೆ ಎಂದರ್ಥ, ಅಂಥ ಕಡೆ ಇನ್ನೂ ನಾಲ್ಕು ಒಣ ಕೊಂಬೆ ನೆಟ್ಟು ನೋಡಬಹುದು. ಬಂದರಿಕೆ, ತಂಗಡಿ ಮೊದಲು ಬರುತ್ತವೆ. ಈ ಸೀಮೆಯ ಕಾಡುಮರಗಳಾದ ತುಗ್ಗಲಿ, ಕಮರ, ದಿಂಡಿಗ ನೆಡದೆ ಕಾಣಿಸಿಕೊಂಡರೆ ನಿಜಕ್ಕೂ ಸಂತೋಷಪಡಬೇಕು. ಬಳ್ಳಾರಿ ಜಾಲಿ, ಲಂಟಾನ, ಕಾಂಗ್ರೆಸ್ ಗಿಡಗಳನ್ನು ಒಟ್ಟು ಮೊತ್ತಕ್ಕೆ ಸೇರಿಸದೆ ಪಕ್ಕದ ಕಾಲಮ್ಮಿನಲ್ಲಿ ಇಡಿ.

ಹೋಲಿಕೆಯ ಗುಡ್ಡದಲ್ಲಿ 34 ಜಾತಿ, ಡಂಪಿನಲ್ಲಿ 22, ಎರಡರಲ್ಲೂ ಇರುವುದು 9 ಎಂದುಕೊಳ್ಳಿ. ಎರಡು ಜಾಗಗಳ ಜಾತಿಗಳು ಎಷ್ಟು ಹೋಲುತ್ತವೆ ಎಂದು ತೋರಿಸುವ ಸೊರೆನ್ಸನ್ ಸೂಚ್ಯಂಕ (ಒಂದೂ ಹೋಲದಿದ್ದರೆ 0, ಎಲ್ಲವೂ ಹೋಲಿದರೆ 1) 2×9÷(34+22) = 0.32. ಜಾತಿಗಳ ಸಂಖ್ಯೆ ಮಾತ್ರ ಏರುತ್ತ ಈ ಅಂಕಿ ನಿಂತಲ್ಲೇ ನಿಂತಿದ್ದರೆ, ಬರುತ್ತಿರುವುದು ಕಳೆ.

ಕುರಿ ಹಿಂಡು ಹಾಯ್ದು ಹೋಗುವ ಕಡೆ ಸಸಿ ಇಲ್ಲ ಎಂದರೆ ಮಣ್ಣಿನ ದೋಷವೋ ಮೇವಿನ ಕಾಟವೋ ಹೇಳುವುದು ಕಷ್ಟ. 1×1 ಮೀಟರಿನ, ಮಂಡಿಯೆತ್ತರದ ಜಾಲರಿ ಗೂಡು ಮೂರು ನಾಲ್ಕು ಕಡೆ ಇಟ್ಟು, ಪಕ್ಕದಲ್ಲೇ ತೆರೆದ ಚೌಕ ಗುರುತಿಸಿ. ಗೂಡಿನೊಳಗೆ ಮೊಳೆತು ಹೊರಗೆ ಇಲ್ಲದಿದ್ದರೆ ಕುರಿಗಾರರ ಜತೆ ಮಾತಾಡಿ ದಾರಿ ಬದಲಿಸುವುದು ಗೊಬ್ಬರ ಸುರಿಯುವುದಕ್ಕಿಂತ ಅಗ್ಗ.

ಮಣ್ಣಿನ ವರದಿ ಓದುವಾಗ

ಪ್ರತಿ ಚೌಕದ ಐದು ಕಡೆಯಿಂದ 0–15 ಸೆಂ.ಮೀ. ಆಳದ ಮಣ್ಣು ತೆಗೆದು ಬೆರೆಸಿ, ಒಣಗಿಸಿ, 2 ಮಿ.ಮೀ. ಜರಡಿ ಹಿಡಿಯಿರಿ. ಉಳಿದ ಜಲ್ಲಿಯನ್ನು ಬಿಸಾಡುವ ಮುನ್ನ ತೂಗಿ. ಪ್ರಯೋಗಾಲಯ ನೋಡುವುದು ಜರಡಿ ದಾಟಿದ್ದನ್ನು ಮಾತ್ರ. ಸಾವಯವ ಇಂಗಾಲ ಶೇ. 0.6 ಎಂದು ವರದಿ ಬಂದರೂ, ತೂಕದಲ್ಲಿ ಶೇ. 65 ಜಲ್ಲಿ ಇದ್ದರೆ ಇಡೀ ನೆಲದ ಲೆಕ್ಕಕ್ಕೆ ಅದು 0.21. ಪಿಎಚ್, ಲವಣಾಂಶ, ರಂಜಕ, ಪೊಟ್ಯಾಷ್ ಪರೀಕ್ಷೆಗೆ ಹಿರಿಯೂರಿನ ಬಬ್ಬೂರು ಫಾರಂ, ದಾವಣಗೆರೆಯ ತರಳಬಾಳು ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಿ. ಎರಡು ವರ್ಷಕ್ಕೊಮ್ಮೆ ಸಾಕು, ಮಣ್ಣು ಅಷ್ಟು ಬೇಗ ಬದಲಾಗದು.

ಇಂಗಾಲ ಅಳೆಯುವ ವಾಕ್ಲಿ–ಬ್ಲ್ಯಾಕ್ ವಿಧಾನಕ್ಕೆ ಗಣಿ ಮಣ್ಣು ಒಗ್ಗುವುದಿಲ್ಲ. ಮ್ಯಾಂಗನೀಸ್ ಆಕ್ಸೈಡ್ ತಾನೂ ಆಕ್ಸಿಡೀಕರಿಸುವುದರಿಂದ ಇಂಗಾಲ ಕಡಿಮೆ ತೋರಿಸುತ್ತದೆ. ಕಲ್ಲಿದ್ದಲು ನೆಲದಲ್ಲಾದರೆ ಕಲ್ಲಿದ್ದಲಿನ ಪುಡಿಯೂ ಲೆಕ್ಕಕ್ಕೆ ಸೇರಿ ಹೆಚ್ಚು ತೋರಿಸುತ್ತದೆ. ಒಂದೇ ಡಂಪಿನ ವರ್ಷದ ಹೋಲಿಕೆಗೆ ಬಳಸಿ, ಬೇರೆ ಗಣಿಯ ಜತೆ ಹೋಲಿಸಬೇಡಿ.

ನೀರು ಇಂಗುವುದನ್ನು ನೋಡಲು 15 ಸೆಂ.ಮೀ. ವ್ಯಾಸದ ಪೈಪಿನ ತುಂಡನ್ನು 5 ಸೆಂ.ಮೀ. ಆಳಕ್ಕೆ ಕೂರಿಸಿ 440 ಮಿ.ಲೀ. ನೀರು ಸುರಿಯಿರಿ, ಅದು 2.5 ಸೆಂ.ಮೀ. ಮಳೆಗೆ ಸಮ. ಪೂರ್ತಿ ಇಂಗಲು ಹಿಡಿದ ಸಮಯ ಬರೆದು ಮತ್ತೊಮ್ಮೆ ಸುರಿಯಿರಿ. ಎರಡನೆಯ ಸಲದ ಸಮಯವೇ ಲೆಕ್ಕಕ್ಕೆ.

ಉಪಗ್ರಹದಿಂದ ನೋಡುವುದು

ಸೆಂಟಿನೆಲ್–2 ಉಪಗ್ರಹದ ಚಿತ್ರಗಳು ಉಚಿತ, ಒಂದು ಪಿಕ್ಸೆಲ್ ಎಂದರೆ ನೆಲದ ಮೇಲೆ 10 ಮೀಟರ್. ಎಂಟನೆಯ ಮತ್ತು ನಾಲ್ಕನೆಯ ಬ್ಯಾಂಡ್‌ಗಳ ವ್ಯತ್ಯಾಸವನ್ನು ಅವುಗಳ ಮೊತ್ತದಿಂದ ಭಾಗಿಸಿದರೆ ಹಸಿರಿನ ಸೂಚ್ಯಂಕವಾದ ಎನ್‌ಡಿವಿಐ. ವಿರಳ ಹಸಿರಿನ ಕೆಂಪು ನೆಲದಲ್ಲಿ ಮಣ್ಣಿನ ಬಣ್ಣವೇ ಅಂಕಿ ಕೆಡಿಸುವುದರಿಂದ, ಮಣ್ಣಿನ ತಿದ್ದುಪಡಿ ಇರುವ ಎಸ್‌ಎವಿಐ ಅನ್ನೂ ತೆಗೆಯಿರಿ. 2015ಕ್ಕಿಂತ ಹಿಂದಿನದಕ್ಕೆ 30 ಮೀಟರಿನ ಲ್ಯಾಂಡ್‌ಸ್ಯಾಟ್ ಬೇಕು. ಡಂಪಿನ ಗಡಿಯಿಂದ ಒಂದು ಪಿಕ್ಸೆಲ್ ಒಳಕ್ಕೆ ಸರಿಯಿರಿ, ಇಲ್ಲದಿದ್ದರೆ ಪಕ್ಕದ ಹೊಲದ ಹಸಿರು ನಿಮ್ಮ ಖಾತೆಗೆ ಬೀಳುತ್ತದೆ.

ಅಂಕಿಯನ್ನು ಒಂಟಿಯಾಗಿ ಓದಬೇಡಿ. ಉದಾಹರಣೆಗೆ, ಒಂದು ನವೆಂಬರಿನಲ್ಲಿ ಹೋಲಿಕೆಯ ಗುಡ್ಡದ ಎನ್‌ಡಿವಿಐ 0.52, ಡಂಪಿನದು 0.31. ಮರುವರ್ಷ ಮಳೆ ಕೈಕೊಟ್ಟು ಗುಡ್ಡ 0.40, ಡಂಪು 0.26. ಡಂಪು ಕುಸಿದಂತೆ ಕಾಣುತ್ತದೆ. ಆದರೆ ಗುಡ್ಡಕ್ಕೆ ಹೋಲಿಸಿದ ಪಾಲು 0.60ರಿಂದ 0.65ಕ್ಕೆ ಏರಿದೆ. ಮಳೆಯ ಅಂಕಿಯನ್ನು ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಹತ್ತಿರದ ಮಳೆಮಾಪಕದಿಂದ ತೆಗೆದು ಪಕ್ಕದಲ್ಲಿ ಬರೆದಿಡಿ.

ಏಪ್ರಿಲಿನ ಚಿತ್ರದಲ್ಲಿ ಗುಡ್ಡ ಕಂದಾಗಿ ಡಂಪು ಮಾತ್ರ ಹಸಿರಾಗಿದ್ದರೆ ಖುಷಿಪಡುವ ಮೊದಲು ಸ್ಥಳಕ್ಕೆ ಹೋಗಿ. ಹೆಚ್ಚಿನ ಸಲ ಅದು ಬಳ್ಳಾರಿ ಜಾಲಿ. ಉಪಗ್ರಹಕ್ಕೆ ಜಾಲಿಯೂ ಒಂದೇ, ಕಮರವೂ ಒಂದೇ. ಲಾರಿ ಓಡುವ ರಸ್ತೆ ಪಕ್ಕದ ಎಲೆಗಳ ಮೇಲೆ ಕೂತ ಕೆಂಪು ಧೂಳೂ ಅಂಕಿ ಇಳಿಸುತ್ತದೆ.

ಫೋಟೊ ತೆಗೆಯುವುದಾದರೆ ಪ್ರತಿ ಚೌಕಕ್ಕೂ ಒಂದೇ ಗೂಟ, 1.5 ಮೀಟರ್ ಎತ್ತರ, ಜೂಮ್ ಇಲ್ಲದೆ, 10 ಮೀಟರ್ ದೂರದಲ್ಲಿ 1 ಮೀಟರಿನ ಪಟ್ಟೆ ಕೋಲು ನಿಲ್ಲಿಸಿ. ಹಿಂದಿನ ವರ್ಷದ ಫೋಟೊದ ಪ್ರಿಂಟ್ ಕೈಯಲ್ಲಿರಲಿ.

ಏನು ಕಂಡರೆ ಏನು ಮಾಡಬೇಕು

ಬರಿ ನೆಲ ಎರಡು ವರ್ಷ ಸತತವಾಗಿ ಇಳಿಯದಿದ್ದರೆ ಸಸಿ ನೆಡುವುದನ್ನು ನಿಲ್ಲಿಸಿ ಮೊದಲು ನೀರಿನ ದಾರಿ ನೋಡಿ. ಬೆಂಚಿನ ಒಳವಾಲು ಮುಚ್ಚಿ ನೀರು ಅಂಚಿನಿಂದ ಹೊರಕ್ಕೆ ಹರಿಯುತ್ತಿದ್ದರೆ ಕೊರಕಲು ಬೀಳುತ್ತಲೇ ಇರುತ್ತದೆ, ಬೀಜವೂ ಅದರ ಜತೆ ಗಾರ್ಲ್ಯಾಂಡ್ ಡ್ರೈನಿಗೆ ಹೋಗುತ್ತದೆ. ಕೊರಕಲಿನ ಅಗಲ, ಆಳಗಳನ್ನು ಮೂರು ಗುರುತಿನ ಕಡೆ ಪ್ರತಿ ನವೆಂಬರಿನಲ್ಲಿ ಅಳೆಯಿರಿ. ಸಸಿ ಮೊಳೆತು ಸಾಯುತ್ತಿದ್ದರೆ ನೆರಳು, ತರಗು ಸಾಲದು. ಮೊಳೆಯುವುದೇ ಇಲ್ಲ ಎಂದರೆ ಬೀಜವೇ ಬರುತ್ತಿಲ್ಲ. ಮೊದಲನೆಯದಕ್ಕೆ ಒಣ ಹುಲ್ಲಿನ ಹೊದಿಕೆ, ಎರಡನೆಯದಕ್ಕೆ ಜೂನ್ ಮಳೆಗೆ ತುಗ್ಗಲಿ, ತಂಗಡಿ, ಬಂದರಿಕೆ ಬೀಜ ಎರಚುವುದು. ಎರಡನ್ನೂ ಅದಲು ಬದಲು ಮಾಡಿದರೆ ದುಡ್ಡು ದಂಡ.

ಹೊರಡುವ ಮುನ್ನ ಗಣಿ ಮ್ಯಾನೇಜರರ ಒಪ್ಪಿಗೆ ಪಡೆಯಿರಿ. ಹೆಲ್ಮೆಟ್, ಬೂಟು, ಕನಿಷ್ಠ ಮೂವರು ಜನ ಇರಲಿ. ಕರಡಿ, ಚಿರತೆ ಓಡಾಡುವ ಗುಡ್ಡಗಳಿವು, ಬೆಳಿಗ್ಗೆ ಎಂಟರ ನಂತರ ಹತ್ತಿ. ಕಲ್ಲು ಸಂದಿಗೆ ಕೈ ಹಾಕುವ ಮೊದಲು ಕೋಲಿನಿಂದ ತಟ್ಟಿ.

ದಾಖಲೆಗೆ ನೆಟ್‌ವರ್ಕ್ ಇಲ್ಲದೆಯೂ ನಡೆಯುವ ಕೋಬೋ ಆ್ಯಪ್ ಸಾಕು, ಜತೆಗೆ ಪೆನ್ಸಿಲ್ ಹಾಳೆ. ಗುರುತು ಸಿಗದ ಗಿಡವನ್ನು 'ಅಪರಿಚಿತ 7' ಎಂದು ಸಂಖ್ಯೆ ಕೊಟ್ಟು, ಹೂವಿನ ಸಮೇತ ಪತ್ರಿಕೆ ಹಾಳೆಯಲ್ಲಿ ಒತ್ತಿಡಿ. ಊಹೆಯ ಹೆಸರು ಬರೆಯಬೇಡಿ. ಕೆಲಸ ಮುಗಿದ ಮೇಲೆ ಕಡತವನ್ನು ಆ ಡಂಪು ಹತ್ತದ ಒಬ್ಬರ ಕೈಗೆ ಕೊಟ್ಟು ಯಾವುದಾದರೂ ಚೌಕದ ಮೂಲೆ ಹುಡುಕಿಸಿ. ಅರ್ಧ ಗಂಟೆಯಲ್ಲಿ ಸಿಗದಿದ್ದರೆ ಆ ಚೌಕದ ದಾರಿಯ ವಿವರವನ್ನು ಅಂದೇ, ಅಲ್ಲೇ ನಿಂತು ಮತ್ತೆ ಬರೆಯಿರಿ.